ಮಾವನ ಹೆಸರಿನ ಕಾಗದ

ಹೋದ ವರ್ಷ ನನ್ನ ಹುಟ್ಟಿದ ದಿನಕ್ಕೆ ಮಗಳು ಒಂದು ಪೆಟ್ಟಿಗೆ ತಂದುಕೊಟ್ಟಳು. ತೆರೆದರೆ ಒಳಗೆ ಅಂಗೈ ಅಗಲದ ದಪ್ಪ ಕಾಗದಗಳು. ಪ್ರತಿಯೊಂದರ ತಲೆಯ ಮೇಲೂ ನನ್ನ ಹೆಸರು ಅಚ್ಚಾಗಿದೆ, ಪಕ್ಕದಲ್ಲೊಂದು ಹೂವಿನ ಬಳ್ಳಿ. ಅದಕ್ಕೆ ಒಪ್ಪುವ ಲಕೋಟೆಗಳು ಬೇರೆ. ಮೊಬೈಲಿನಲ್ಲೇ ಆರ್ಡರ್ ಮಾಡಿ ತರಿಸಿದ್ದಂತೆ. ಕೊಟ್ಟು ಸುಮ್ಮನಾಗಿದ್ದರೆ ಆಗುತ್ತಿತ್ತು, ಅದನ್ನು ಹೇಗೆ ಉಪಯೋಗಿಸಬೇಕು ಎಂದು ಪಾಠವೂ ಶುರುವಾಯಿತು. ಯಾರಾದರೂ ಉಡುಗೊರೆ ಕೊಟ್ಟರೆ ಎರಡು ಸಾಲು ಬರೆದು ಕಳಿಸಬೇಕು. ಪಕ್ಕದ ಮನೆಗೆ ಪತ್ರೊಡೆ ಕೊಡುವಾಗ ಪಾತ್ರೆಯ ಮೇಲೊಂದು ಚೀಟಿ ಇಡಬೇಕು. ಅವಳ ಬುತ್ತಿಯಲ್ಲೂ ಆಗಾಗ ಒಂದು ಇಟ್ಟರೆ ಅವಳಿಗೆ ಖುಷಿಯಾಗುತ್ತದಂತೆ.

"ಬುತ್ತಿಯಂಗೆ ಚೀಟಿ ಇಟ್ರೆ ಸಾಂಬಾರ್ ತಾಗಿ ಹಾಳಾತ್ತ್" ಎಂದೆ.

"ಅಮ್ಮ, ನಿಂಗೆ ಯಾವ್ದೂ ಚಂದ ಕಾಂತಿಲ್ಲೆ" ಎಂದು ಮುಖ ಊದಿಸಿಕೊಂಡು ಹೋದಳು.

ಪಾಪ, ಅವಳಿಗೇನು ಗೊತ್ತು. ಹೆಸರು ಅಚ್ಚಾದ ಕಾಗದವನ್ನು ದಿನನಿತ್ಯದ ಕೆಲಸಕ್ಕೆ ಹೇಗೆ ಬಳಸಬೇಕು ಎಂಬುದನ್ನು ಕುಂದಾಪುರ ತಾಲೂಕಿನಲ್ಲಿ ನನಗಿಂತ ಹೆಚ್ಚು ಬಲ್ಲವರು ಯಾರೂ ಇರಲಿಕ್ಕಿಲ್ಲ. ಆ ವಿದ್ಯೆಯನ್ನು ನನಗೆ ಕಲಿಸಿದವರು ನನ್ನ ಮಾವ. ಕಲಿಯುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದು ಹೋಗಿತ್ತು.

ತೊಂಬತ್ತೇಳರಲ್ಲಿ ಮದುವೆಯಾಗಿ ಉಪ್ಪುಂದದಿಂದ ಕುಂದಾಪುರಕ್ಕೆ ಬಂದೆ. ಗಂಡನಿಗೆ ಹಾಲಾಡಿ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುವುದು, ಮನೆಯ ಯಾವ ತಕರಾರಿಗೂ ತಲೆ ಹಾಕದ ಪುಣ್ಯಾತ್ಮ. ಹಗಲು ಮನೆಯಲ್ಲಿ ಇರುತ್ತಿದ್ದದ್ದು ಮಾವ, ಅತ್ತೆ, ಮದುವೆಯ ವಯಸ್ಸಿಗೆ ಬಂದ ನಾದಿನಿ ಮತ್ತು ನಾನು. ಮಾವ ಅದೇ ವರ್ಷ ಮುಂಬೈಯ ತಮ್ಮ ಹೋಟೆಲನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಊರಿಗೆ ಬಂದು ನೆಲೆಸಿದ್ದರು. ಅಲ್ಲಿ ಗಲ್ಲಾಪೆಟ್ಟಿಗೆಯ ಎದುರು ಕೂತು ಬಂದವರಿಂದೆಲ್ಲ ಶೇಟ್ ಎನ್ನಿಸಿಕೊಂಡ ಮನುಷ್ಯನನ್ನು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಇದು ಅವರಿಗೆ ತಡೆಯಲಾಗದ ಸಂಕಟ. ಹಾಗಾಗಿ ತಾವೇ ಗುರುತು ಹೇಳಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ತಮ್ಮ ಹೆಸರು, ಮನೆಯ ಹೆಸರು, ತಂದೆಯ ಹೆಸರು, ಮುಂಬೈಯ ಹೋಟೆಲು ಯಾವ ಸ್ಟೇಷನ್ನಿನ ಯಾವ ದಿಕ್ಕಿಗೆ, ಬೆಳಿಗ್ಗೆ ಅದರ ಬಾಗಿಲಲ್ಲಿ ಇಡ್ಲಿಗೆ ಜನ ಹೇಗೆ ಸಾಲು ನಿಲ್ಲುತ್ತಿದ್ದರು, ಇಷ್ಟನ್ನೂ ಹೇಳಿ ಮುಗಿಸದೆ ಟಿಕೆಟ್ ತೆಗೆಯುತ್ತಿರಲಿಲ್ಲ. ಜೊತೆಗೆ ಹೋದ ನಾನು ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದೆ.

ಬಾಯಿಯಲ್ಲಿ ಹೇಳಿ ಸಾಕಾಯಿತೋ ಏನೋ, ಒಂದು ದಿನ ರಿಕ್ಷಾದಲ್ಲಿ ಎರಡು ದೊಡ್ಡ ಕಟ್ಟು ಇಳಿಸಿದರು. ಪ್ರೆಸ್ಸಿನಲ್ಲಿ ಮಾಡಿಸಿದ ಲೆಟರ್‌ಹೆಡ್ಡು ಮತ್ತು ಲಕೋಟೆ. ಮೇಲೆ ನಡುವಿನಲ್ಲಿ 'ಶ್ರೀ ಗಣೇಶ ಪ್ರಸನ್ನ'. ಅದರ ಕೆಳಗೆ ಮಾವನ ಹೆಸರು, ದೂರದಿಂದಲೂ ಓದುವಷ್ಟು ದಪ್ಪಕ್ಕೆ. ಅದರ ಕೆಳಗೆ ಅವರ ತಂದೆಯ ಹೆಸರು, ಮುಂಬೈಯ ಹೋಟೆಲಿನ ಮಾಜಿ ಮಾಲೀಕರು ಎಂಬ ವಿವರ, ಮನೆಯ ಹೆಸರು, ಫೋನ್ ನಂಬ್ರ. ಸುತ್ತ ಒಂದು ಕಪ್ಪು ಗೆರೆಯ ಚೌಕಟ್ಟು. ಬಣ್ಣದ ಶಾಯಿ ಹುಡುಗಾಟಿಕೆಯಾಗುತ್ತದೆ, ಕಪ್ಪೇ ಗಂಭೀರ ಎಂದು ಅವರೇ ಹೇಳಿ ಮಾಡಿಸಿದ್ದರು. ಇಷ್ಟೆಲ್ಲ ಆಗಿ ಬರೆಯಲು ಉಳಿದ ಜಾಗ ಅರ್ಧ ಹಾಳೆಗಿಂತ ಕಡಿಮೆ.

ಅತ್ತೆ ಒಂದು ಹಾಳೆ ಎತ್ತಿ ನೋಡಿದ್ದೇ ಹೌಹಾರಿದರು.

"ಹ್ವಾಯ್, ಇದೆಂತ ಬೊಜ್ಜದ ಕಾಗ್ದವಾ? ಒಳ್ಳೆದಾಪು ಮನಿಗೆ ಹೀಂಗಿದ್ದ್ ತಪ್ಪುದಾ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಕಡೆ ಬೊಜ್ಜಕ್ಕೆ, ಅಂದರೆ ಸತ್ತವರ ಉತ್ತರಕ್ರಿಯೆಗೆ ಕರೆಯುವ ಕಾಗದ ಹೀಗೆಯೇ ಕಪ್ಪು ಚೌಕಟ್ಟಿನಲ್ಲಿ ಬರುವುದು. ಅದರ ನಡುವೆ ಮಾವನ ಹೆಸರು ಬೇರೆ ದಪ್ಪಕ್ಕೆ ಕೂತಿತ್ತು. ಮಾವ ಮಾತ್ರ, ಆದದ್ದಾಯಿತು, ಮಾಡಿಸಿದ ಕಾಗದ ಹಾಳು ಮಾಡುವುದಿಲ್ಲ ಎಂದು ಹಟ ಹಿಡಿದರು. ಕೊನೆಗೆ ಅತ್ತೆಯೇ ಒಂದು ದಾರಿ ಕಂಡುಕೊಂಡರು. ಅರಶಿನ ಕಲಸಿ ಪ್ರತಿ ಹಾಳೆಯ ನಾಲ್ಕು ಮೂಲೆಗೂ ಹಚ್ಚಿದರೆ ಅಶುಭವೆಲ್ಲ ಶುಭವಾಗುತ್ತದೆ. ಲಕೋಟೆಗೂ ಹಚ್ಚಬೇಕು. ಹಚ್ಚುವವರು ಯಾರು? ನಾನು ಮತ್ತು ನಾದಿನಿ. ಚಾವಡಿಯ ತುಂಬ ಚಾಪೆ ಹಾಸಿ, ಹಾಳೆ ಹರಡಿ, ಫ್ಯಾನ್ ಹಾಕಿದರೆ ಹಾರಿ ಹೋಗುತ್ತದೆಂದು ಬೆವರು ಸುರಿಸುತ್ತ ಹಚ್ಚಿದ್ದೇ ಹಚ್ಚಿದ್ದು. ವಾರವಾದರೂ ನನ್ನ ಬೆರಳಿನ ಹಳದಿ ಹೋಗಲಿಲ್ಲ. ನೋಡಿದವರು ಮನೆಯಲ್ಲಿ ಏನು ವಿಶೇಷ ಎಂದು ಕೇಳುವವರೇ.

ಆಮೇಲೆ ಕಾನೂನು ಬಂತು. ಈ ಮನೆಯಿಂದ ಹೊರಗೆ ಹೋಗುವ ಯಾವ ಚೀಟಿಯೇ ಆಗಲಿ ಇನ್ನು ಮೇಲೆ ಈ ಕಾಗದದಲ್ಲೇ ಹೋಗಬೇಕು, ಅದು ಮನೆಯ ಮರ್ಯಾದೆ ಎಂದರು ಮಾವ. ಈ ಕಾಗದದಲ್ಲಿ ದೇವರ ಹೆಸರಿದೆ, ಎಲ್ಲೆಂದರಲ್ಲಿ ಬಿಸಾಡಬಾರದು, ಮೈಲಿಗೆ ತಾಗಿಸಬಾರದು ಎಂದರು ಅತ್ತೆ. ಇಬ್ಬರೂ ತಮ್ಮ ತಮ್ಮ ಕಾನೂನು ಹೇಳಿ ಎದ್ದು ಹೋದರು. ಎರಡನ್ನೂ ಪಾಲಿಸಬೇಕಾದವಳು ನಾನು.

ಜೀನಸು ಅಂಗಡಿಗೆ ಸಾಮಾನಿನ ಚೀಟಿ ಬರೆಯಬೇಕಲ್ಲ. ಅರ್ಧ ಹಾಳೆಯಲ್ಲಿ ಉದ್ದಿನಬೇಳೆಗೆ ಬರುವಷ್ಟರಲ್ಲಿ ಜಾಗ ಮುಗಿಯುತ್ತಿತ್ತು. ಮೆಣಸಿಗೆ ಇನ್ನೊಂದು ಹಾಳೆ, ಅದರಲ್ಲೂ ಮಾವನ ಹೆಸರು, ಮಾವನ ತಂದೆಯ ಹೆಸರು. ಅಂಗಡಿಯವನು ಸಾಮಾನು ಕಟ್ಟಿದ ಮೇಲೆ ಅಭ್ಯಾಸದಂತೆ ಚೀಟಿಯನ್ನು ತಂತಿಗೆ ಚುಚ್ಚಿ ತೂಗುಹಾಕಿದ. ಅದನ್ನು ಕಂಡು ಬಂದ ಅತ್ತೆ, ಗಣಪತಿಯ ತಲೆಗೇ ತಂತಿ ಚುಚ್ಚಿದ್ದಾನೆ ಎಂದು ಆ ದಿನ ಊಟ ಮಾಡಲಿಲ್ಲ. ಅಂದಿನಿಂದ ಸಾಮಾನು ತಂದ ಮೇಲೆ ಚೀಟಿಯನ್ನೂ ಕೇಳಿ ತರುವುದು ನನ್ನ ಕೆಲಸವಾಯಿತು. ಅಂಗಡಿಯವನು ನನ್ನನ್ನು ನೋಡಿ ನಗುತ್ತಿದ್ದ. ನಗದೆ ಇನ್ನೇನು ಮಾಡಿಯಾನು?

ತಂದ ಚೀಟಿಯನ್ನು ಏನು ಮಾಡುವುದು? ಬಚ್ಚಲ ಒಲೆಗೆ ಹಾಕುವಂತಿಲ್ಲ. ಹರಿಯುವಂತಿಲ್ಲ. ಒಂದು ಚೀಲಕ್ಕೆ ತುಂಬಿ ದೇವರ ಕೋಣೆಯ ಮೂಲೆಯಲ್ಲಿ ಇಡಬೇಕು, ತುಂಬಿದ ಮೇಲೆ ಹೊಳೆಗೆ ಬಿಡಬೇಕು. ಹೀಗಾಗಿ ನಮ್ಮ ಮನೆಯ ಹಳೆಯ ಸಾಮಾನು ಚೀಟಿಗಳಿಗೆಲ್ಲ ದಿನವೂ ಊದುಬತ್ತಿಯ ಹೊಗೆ ಸಿಗುತ್ತಿತ್ತು.

ಹಾಲಿನವನಿಗೆ ಬರೆದು ಪಾತ್ರೆಯ ಅಡಿಗೆ ಇಟ್ಟ ಚೀಟಿ ಒದ್ದೆಯಾಗಿ ಅರಶಿನ ಬಿಟ್ಟು ಪಾತ್ರೆ ಹಳದಿಯಾಯಿತು. ಕರೆಂಟು ಹೋದಾಗ ಮಾವ ಲೈನ್‌ಮನ್‌ಗೆ ದೂರು ಬರೆದು ಕಳಿಸಿದರು. ಅವನು ಮನೆಯವರೆಗೂ ಬಂದು, ಹೆಸರೆಲ್ಲ ಓದಿದೆ, ತೊಂದರೆ ಎಂತ ಅಂತ ಮಾತ್ರ ಎಲ್ಲೂ ಕಾಣಲಿಲ್ಲ ಎಂದ. ತಿಂಗಳಲ್ಲಿ ಮೂರು ದಿನ ನಾನು ಹೊರಗಾದಾಗ ಆ ಕಾಗದ ಮುಟ್ಟುವಂತಿರಲಿಲ್ಲ. ಆಗ ನಾನು ಬಾಗಿಲಾಚೆಯಿಂದ ಹೇಳುವುದು, ನಾದಿನಿ ಬರೆಯುವುದು, ಅವಳು ಕೊತ್ತಂಬರಿ ಬಿಟ್ಟು ಬರೆದರೆ ಬೈಗುಳ ನನಗೆ.

ಎಲ್ಲಕ್ಕಿಂತ ದೊಡ್ಡ ಕಷ್ಟ ಮೀನಿನದು. ಮೀನು ಮಾರುವ ಹೆಂಗಸಿಗೆ ನಾಳೆ ಬಂಗುಡೆ ಬೇಕು ಎಂದು ಹೇಳಿ ಕಳಿಸುವುದು ಹೇಗೆ? ಗಣಪತಿಯ ಹೆಸರಿನ ಕೆಳಗೆ ಬಂಗುಡೆ ಎಂದು ಬರೆಯುವಂತಿಲ್ಲ ಎಂದರು ಅತ್ತೆ. ಪೇಪರಿನ ಅಂಚು ಹರಿದು ಬರೆದರೆ, ನಮ್ಮ ಮನೆಗೇನು ಕಾಗದಕ್ಕೆ ಬರಗಾಲವೇ ಎಂದರು ಮಾವ. ಆ ಹೆಂಗಸು ಬುಟ್ಟಿ ಇಳಿಸಿ, ನಿಮಗೆ ಬಂಗುಡೆ ಬೇಕೋ ಬೇಡವೋ ಎಂದು ಕೇಳಿದರೆ ನನಗೆ ಅಳು ಬರುವುದೊಂದು ಬಾಕಿ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈಗ ಇದನ್ನು ನಗುತ್ತ ಹೇಳುತ್ತಿದ್ದೆ.

ಉಪ್ಪುಂದದ ನನ್ನ ಅಮ್ಮನಿಗೂ ನನಗೂ ನಡುವೆ ಚೀಟಿಯ ಓಡಾಟವಿತ್ತು. ಅಮ್ಮನ ಮನೆಗೆ ಆಗ ಫೋನ್ ಬಂದಿರಲಿಲ್ಲ. ಬೈಂದೂರು ಬಸ್ಸಿನ ಕಂಡಕ್ಟರನ ಕೈಗೆ ಚೀಟಿ ಕೊಟ್ಟರೆ ಹೆದ್ದಾರಿಯ ಬದಿಯಲ್ಲಿದ್ದ ನನ್ನ ಅಣ್ಣನ ಸೈಕಲ್ ಅಂಗಡಿಗೆ ಎಸೆದು ಹೋಗುತ್ತಿದ್ದ. ಮರುದಿನ ಅದೇ ಬಸ್ಸಿನಲ್ಲಿ ಅಮ್ಮನ ಉತ್ತರ ಬರುತ್ತಿತ್ತು, ಜೊತೆಗೆ ಪುನರ್ಪುಳಿಯದೋ ಒಣಮೀನಿನದೋ ಒಂದು ಕಟ್ಟು. ಅಮ್ಮ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಬರೆಯುತ್ತಿದ್ದಳು. ನಾನೂ ಹಾಗೆಯೇ ಕೈಗೆ ಸಿಕ್ಕಿದ್ದರ ಮೇಲೆ ಗೀಚಿ ಕಳಿಸುತ್ತಿದ್ದೆ. ಮಾವನ ಕಣ್ಣು ತಪ್ಪಿಸಿ ಸಾಬೂನಿನ ಹೊದಿಕೆಯ ಮೇಲೆ ಬರೆದದ್ದೂ ಉಂಟು.

ಮದುವೆಯಾದ ಮರುವರ್ಷ ಬ್ರಹ್ಮಾವರದ ಕಡೆಯ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಖಾಲಿಯಿದೆ ಎಂದು ಗೊತ್ತಾಯಿತು. ನಾನು ಮದುವೆಗೆ ಮೊದಲೇ ಟೀಚರ್ ತರಬೇತಿಯ ಟಿಸಿಎಚ್ ಮುಗಿಸಿದ್ದೆ. ಟೀಚರಾಗಬೇಕೆನ್ನುವುದು ನನಗೆ ಸಣ್ಣಂದಿನ ಆಸೆ. ಅರಶಿನ ಹಚ್ಚಿ ಹಚ್ಚಿ ಅದು ಆಸೆಯಿಂದ ಹಟವಾಗಿ ಬೆಳೆದಿತ್ತು. ಈ ಮನೆಯಲ್ಲಿ ದಿನವಿಡೀ ಕೂತರೆ ನನಗೆ ಹುಚ್ಚು ಹಿಡಿಯುವುದು ಖಂಡಿತ ಎಂದು ನಾನು ತೀರ್ಮಾನಿಸಿದ್ದೆ. ಗಂಡ, ಅಪ್ಪಯ್ಯನನ್ನು ಕೇಳು ಎಂದರು. ಮಾವನನ್ನು ಕೇಳಿದೆ. "ಕಾಂಬ" ಎಂದರು. ನಮ್ಮ ಭಾಷೆಯಲ್ಲಿ ಕಾಂಬ ಎಂದರೆ ನೋಡುವ ಎಂದು. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಇಲ್ಲ ಎನ್ನಲಿಲ್ಲವಲ್ಲ, ಅಷ್ಟು ಸಾಕು ಎಂದು ನಾನು ಹೊರಟೇಬಿಟ್ಟೆ.

ಗುರುವಾರ ಸಂದರ್ಶನ. ಮೂಲ ಅಂಕಪಟ್ಟಿ, ಸರ್ಟಿಫಿಕೇಟು ಎಲ್ಲ ತರಲೇಬೇಕು, ಇಲ್ಲದಿದ್ದರೆ ಬರುವುದೇ ಬೇಡ ಎಂದಿದ್ದರು. ನನ್ನವು ಉಪ್ಪುಂದದಲ್ಲಿ ಅಮ್ಮನ ಟ್ರಂಕಿನೊಳಗೆ ಉಳಿದಿದ್ದವು. ಮದುವೆಯಾಗಿ ಬರುವಾಗ ಮಲ್ಲಿಗೆಯ ಬಳ್ಳಿಯನ್ನೂ ಬೇರು ಸಮೇತ ಕಿತ್ತು ತಂದಿದ್ದೆ, ಅಂಕಪಟ್ಟಿ ಮಾತ್ರ ಮರೆತಿದ್ದೆ. ಹೋಗಿ ತರೋಣವೆಂದರೆ ಅತ್ತೆ ಬಾವಿಕಟ್ಟೆಯಲ್ಲಿ ಜಾರಿ ಕಾಲು ಉಳುಕಿಸಿಕೊಂಡು ಮಲಗಿದ್ದರು. ಸೋಮವಾರ ಬೆಳಿಗ್ಗೆ, ಅಮ್ಮನಿಗೆ ಎರಡು ಸಾಲು ಬರೆದು ಹಾಕಿದರಾಯಿತು, ಕಟ್ಟು ಮಂಗಳವಾರದ ಬಸ್ಸಿಗೆ ಬರುತ್ತದೆ ಎಂದು ಕ್ಯಾಲೆಂಡರಿನ ಹಾಳೆಗೆ ಕೈ ಹಾಕಿದೆ. ಮಾವ ಅಲ್ಲೇ ಇದ್ದರು.

"ಕ್ಯಾಲೆಂಡರ್ ಹರೂದ್ ಎಂತಕೆ ಹೆಣೆ? ಮನಿಯಂಗೆ ಇಷ್ಟ್ ಒಳ್ಳೆ ಕಾಗ್ದ ಇತ್ತಲೆ."

"ಅಮ್ಮಂಗೆ ಮಾವಯ್ಯ. ಎರ್ಡೇ ಗೆರಿ."

"ಅಮ್ಮಂಗಾರೂ ಅದ್ ನೆಂಟ್ರ ಮನಿ ಅಲ್ದಾ? ಮರ್ಯಾದಿಯಂಗೆ ಕಳ್ಸ್."

ಅಡಿಗೆ ಒಲೆಯ ಮೇಲಿತ್ತು, ವಾದಿಸಲು ಪುರುಸೊತ್ತಿರಲಿಲ್ಲ. ಅವರ ಹಾಳೆಯಲ್ಲೇ ಬರೆದೆ. ಅಂಕಪಟ್ಟಿ, ಟಿಸಿಎಚ್ ಸರ್ಟಿಫಿಕೇಟು ನಾಳೆಯೇ ಬಸ್ಸಿಗೆ ಹಾಕು, ಗುರುವಾರ ಬೇಕು. ಮಾವ ಅದನ್ನು ಮಡಿಸಿ, ಅರಶಿನ ಹಚ್ಚಿದ ಲಕೋಟೆಗೆ ಹಾಕಿ, ಅಂಟಿಸಿ, ತಾವೇ ಛತ್ರಿ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನಿಗೆ ಕೊಟ್ಟು ಬಂದರು. ಅವನಿಗೂ ಹೋಟೆಲಿನ ಸುದ್ದಿ ಹೇಳಿರಬೇಕು, ಬರುವಾಗ ತಡವಾಗಿತ್ತು.

ಮಂಗಳವಾರ ಕಟ್ಟು ಬರಲಿಲ್ಲ. ಅಮ್ಮ ಹುಡುಕುತ್ತಿರಬೇಕು ಎಂದುಕೊಂಡೆ. ಬುಧವಾರ ಬೆಳಗಿನ ಬಸ್ಸಿಗೆ ಹೋಗಿ ಕೇಳಿದೆ, ಇಲ್ಲ. ಮಧ್ಯಾಹ್ನದ ಬಸ್ಸಿಗೆ ನಾದಿನಿಯನ್ನು ಓಡಿಸಿದೆ, ಇಲ್ಲ. ಸಂಜೆ ಕಂಡಕ್ಟರ್ ನನ್ನನ್ನು ಕಂಡದ್ದೇ ದೂರದಿಂದಲೇ ಕೈ ಅಲ್ಲಾಡಿಸಿದ.

"ನಾನ್ ನಿಮ್ಮ್ ಅಣ್ಣನ ಕೈಯಂಗೇ ಕೊಟ್ಟಿದೆ ಅಕ್ಕ. ಎಸೀಲಿಲ್ಲ. ಅಷ್ಟ್ ಚಂದದ ಕಾಗ್ದ ಎಸೂಕೆ ಆತ್ತಾ?"

ಗುರುವಾರ ಬರಿಗೈಯಲ್ಲಿ ಹೋದೆ. ಶಾಲೆಯ ಸಂಚಾಲಕರು ಕನ್ನಡಕದ ಮೇಲಿಂದ ನೋಡಿ, ಮೂಲಪ್ರತಿ ಇಲ್ಲದೆ ಮಾತಾಡುವುದು ಹೇಗೆ ಎಂದರು. ಸಂಜೆಯೊಳಗೆ ತರುತ್ತೇನೆ ಎಂದೆ. ಹೊರಗೆ ಇನ್ನೂ ನಾಲ್ಕು ಜನ ಫೈಲು ಅಪ್ಪಿಕೊಂಡು ಕೂತಿದ್ದರು. ಸಂಜೆಯವರೆಗೆ ಕಾಯಲು ಸಂಚಾಲಕರಿಗೇನು ಹರಕೆಯೇ? ಆ ನಾಲ್ವರಲ್ಲಿ ಒಬ್ಬಳನ್ನು ಅಲ್ಲೇ ತೆಗೆದುಕೊಂಡರು.

ಅಲ್ಲಿಂದ ಬಸ್ ಹತ್ತಿದವಳು ಕುಂದಾಪುರದಲ್ಲಿ ಇಳಿದರೂ ಮನೆಗೆ ಹೋಗಲಿಲ್ಲ. ಬೇರೆ ಬಸ್ ಹತ್ತಿ ನೇರ ಉಪ್ಪುಂದಕ್ಕೆ ಹೋದೆ. ಅಣ್ಣ ಅಂಗಡಿಯಲ್ಲಿ ಚಕ್ರ ಬಿಚ್ಚುತ್ತಿದ್ದವನು ನನ್ನ ಮುಖ ನೋಡಿ ಹಿಂದಿನಿಂದಲೇ ಮನೆಗೆ ಬಂದ. ಅಮ್ಮ ಜಗಲಿಯಲ್ಲಿ ಕೂತು ಹುಣಸೆಬೀಜ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಏಳಲಿಲ್ಲ, ನೀರು ಬೇಕೇ ಎಂದು ಕೇಳಲಿಲ್ಲ.

"ಈಗ ಬಂದ್ಯಾ ಹೇಳ್ಕಿ ಹೇಳೂಕೆ? ನೀ ಒಬ್ಳೇ ಬಂದದ್ದಾ? ನಿನ್ ಅತ್ತಿಗ್ ಬಪ್ಪುಕೆ ಆಯ್ಲಿಲ್ಲ್ಯಾ?"

"ಎಂತದ್ ಹೇಳ್ಕಿ ಅಮ್ಮ?"

"ನಿನ್ ನಾದಿನಿ ಮದಿ ಹೇಳ್ಕಿ!"

ನನಗೆ ತಲೆಬುಡ ತಿಳಿಯಲಿಲ್ಲ. ಅಣ್ಣ ಒಳಗೆ ಕೈ ತೋರಿಸಿದ. ದೇವರ ಮಂಟಪದ ಪಕ್ಕದಲ್ಲಿ ಮಾವನ ಲಕೋಟೆ ಗೋಡೆಗೆ ಒರಗಿ ನಿಂತಿತ್ತು. ನಾಲ್ಕು ಮೂಲೆಗೆ ಅರಶಿನ, ಮೇಲೆ ಗಣಪತಿ, ಅಂಟು ಬಿಚ್ಚಿಯೂ ಇರಲಿಲ್ಲ. ಗುಲ್ವಾಡಿಯ ಕಡೆಯಿಂದ ನಾದಿನಿಗೆ ಒಂದು ಪ್ರಸ್ತಾಪ ಬಂದಿದೆ ಎಂದು ನಾನೇ ಹಿಂದಿನ ತಿಂಗಳು ಬರೆದಿದ್ದೆ. ಅದು ನಿಕ್ಕಿಯಾಗಿದೆ, ಬೀಗರು ಮದುವೆಯ ಕಾಗದ ಕಳಿಸಿದ್ದಾರೆ ಎಂದು ಅಮ್ಮ ಲೆಕ್ಕ ಹಾಕಿದ್ದಳು. ಕಾಗದ ಬಂದದ್ದಕ್ಕಲ್ಲ, ಬಂದ ಬಗೆಗೆ ಅವಳಿಗೆ ಸಿಟ್ಟು. ನಮ್ಮಲ್ಲಿ ನೆಂಟರಿಗೆ ಮದುವೆಯ ಹೇಳಿಕೆ ಹೇಳುವುದೆಂದರೆ ಮನೆಯವರು ಮನೆಗೇ ಬರಬೇಕು, ಕೂರಬೇಕು, ಒಂದು ಲೋಟ ಪಾನಕವಾದರೂ ಕುಡಿದು ಬಾಯಾರೆ ಕರೆಯಬೇಕು. ಸೊಸೆಯ ತವರುಮನೆಗಂತೂ ಗಂಡ ಹೆಂಡತಿ ಇಬ್ಬರೂ ಬರಬೇಕು.

"ನೆಂಟ್ರ ಮನಿಗೆ ಹೇಳ್ಕಿ ಕಂಡಕ್ಟರ್ ಕೈಯಂಗೆ ಕಳ್ಸೂದಾ? ನಾನ್ ಗಂಡ ಇಲ್ದಿದ್ ಹೆಂಗ್ಸ್ ಅಂದೇಳಿ ಇಷ್ಟ್ ಸದರವಾ?" ಎಂದಳು ಅಮ್ಮ.

"ಒಡ್ದ್ ಕಾಂಬುಕೆ ನಿಂಗೆ ಎಂತ ಆಯ್ತ್?"

"ಒಡದ್ರೆ ಹೇಳ್ಕಿ ಒಪ್ಕಂಡಂಗೆ ಆತಿಲ್ಲ್ಯಾ?"

"ನಾನ್ ಹೇಳ್ದೆ, ಒಡ್ದ್ ಕಾಂಬ ಅಂದೇಳಿ. ಮುಟ್ಟೂಕೇ ಬಿಡ್ಲಿಲ್ಲ" ಎಂದ ಅಣ್ಣ.

ನಾನೇ ಲಕೋಟೆ ಒಡೆದು ಅಮ್ಮನ ಎದುರು ಹಿಡಿದೆ. ಅಮ್ಮ ಎರಡು ಸಾಲನ್ನು ನಿಧಾನವಾಗಿ ಓದಿದಳು. ಆಮೇಲೆ ಎದ್ದು ಒಳಗೆ ಹೋಗಿ, ಟ್ರಂಕು ತೆಗೆದು, ಸೀರೆಯ ಮಡಿಕೆಯೊಳಗಿಂದ ಅಂಕಪಟ್ಟಿಗಳನ್ನು ತಂದು ನನ್ನ ಮಡಿಲಿಗಿಟ್ಟಳು. ಅವಳು ಅತ್ತಳು, ನಾನೂ ಅತ್ತೆ. ಅಳುತ್ತಲೇ ಬೈದೆ. ಯಾರಿಗೆ ಬೈಯುವುದು ಎಂದು ತಿಳಿಯದೆ ಅಮ್ಮನಿಗೆ, ಅಣ್ಣನಿಗೆ, ಕಂಡಕ್ಟರನಿಗೆ, ಎಲ್ಲರಿಗೂ ಬೈದೆ.

ನಿಜವಾಗಿ ಬೈಯಬೇಕಾದವರು ಕುಂದಾಪುರದಲ್ಲಿದ್ದರು. ಅಲ್ಲಿಗೆ ಬಂದಾಗ ಚಾವಡಿಯಲ್ಲಿ ಮಾವ ಅದೇ ಕಾಗದ ಹಿಡಿದು ಯಾರಿಗೋ ಏನೋ ಬರೆಯುತ್ತಿದ್ದರು. ನನಗೆ ಬ್ರಹ್ಮಾಂಡ ಸಿಟ್ಟು ಬಂತು. ಸೊಸೆಯಾಗಿ ಬಂದ ಮೇಲೆ ಅವರೆದುರು ಸ್ವರ ಏರಿಸಿದ್ದು ಅದೇ ಮೊದಲು.

"ಮಾವಯ್ಯ, ನಿಮ್ಮ್ ಹೆಸ್ರ್ ನನ್ನ್ ಕೆಲ್ಸ ತಿಂತ್!"

ಆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಮಾವ ಪೆನ್ನಿನ ಮುಚ್ಚಳ ಹಾಕಿದರು. ಒಳಗೆ ಮಲಗಿದ್ದಲ್ಲಿಂದ ಅತ್ತೆ, "ಅರಶಿನ ಹಚ್ಚೂಕ್ ಹೇಳದ್ ನಾನ್. ಅವ್ರಿಗ್ ಎಂತಕೆ ಬೈತೆ?" ಎಂದು ಕೂಗಿದರು.

"ಇಬ್ರಿಗೂ ಬೈತೆ!" ಎಂದು ಒಳಗೆ ಹೋಗಿ ಪಾತ್ರೆಗಳ ಮೇಲೆ ಉಳಿದ ಸಿಟ್ಟು ತೀರಿಸಿದೆ.

ಮಾವ ಒಂದು ಮಾತೂ ಆಡಲಿಲ್ಲ. ತಪ್ಪಾಯಿತು ಎನ್ನಲಿಲ್ಲ, ನನ್ನ ತಪ್ಪಲ್ಲ ಎಂದೂ ಅನ್ನಲಿಲ್ಲ. ಬೈದರೆ ಜಗಳವಾದರೂ ಆಗುತ್ತಿತ್ತು. ಈ ಮೌನ ನೋಡಿ ನನಗೆ ಇನ್ನೂ ಉರಿಯಿತು. ಅವರ ಕಾಗದವನ್ನು ನಾನು ಮತ್ತೆ ಮುಟ್ಟಲಿಲ್ಲ. ಸಾಮಾನು ಚೀಟಿಯನ್ನು ಪೇಪರಿನ ಅಂಚಿನಲ್ಲಿ ಅವರ ಕಣ್ಣೆದುರೇ ಹರಿದು ಬರೆಯುತ್ತಿದ್ದೆ. ಅವರು ಕಂಡೂ ಕಾಣದಂತೆ ಇರುತ್ತಿದ್ದರು. ಆ ವರ್ಷವಿಡೀ ನಮ್ಮಿಬ್ಬರ ನಡುವೆ ಊಟಕ್ಕೆ ಬನ್ನಿ, ಸಾಕು, ಇನ್ನು ಸ್ವಲ್ಪ ಸಾರು ಎಂಬುದರ ಹೊರತು ಮಾತಿರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮಾವ ಉಡುಪಿಗೆ ಹೋದವರು ಬೆವರು ಒರೆಸಿಕೊಳ್ಳುತ್ತ ಬಂದು, ಅಂಗಿಯನ್ನೂ ಬಿಚ್ಚದೆ ಮೇಜಿನ ಎದುರು ಕೂತರು. ಸ್ವಲ್ಪ ಹೊತ್ತು ಸ್ಕೇಲು, ಪೆನ್ನು ಹಿಡಿದು ಏನೋ ಮಾಡಿದರು. ಆಮೇಲೆ ಅಡಿಗೆಮನೆಯ ಬಾಗಿಲಿಗೆ ಬಂದು ಒಂದು ಹಾಳೆ ಚಾಚಿದರು.

"ಆ ಶಾಲಿ ಟೀಚರ್ ಬಿಟ್ಟ್ ಹೋಯ್ದ್ಳಂಬ್ರ್. ಬಸ್ಸಂಗೆ ಒಬ್ರ್ ಹೇಳ್ರ್. ಅರ್ಜಿ ಬರಿ."

ನೋಡಿದೆ. ಅವರದೇ ಲೆಟರ್‌ಹೆಡ್ಡು. ಆದರೆ ದಪ್ಪಕ್ಷರದ ಅವರ ಹೆಸರಿನ ಮೇಲೆ ಸ್ಕೇಲಿಟ್ಟು ಉದ್ದಕ್ಕೆ ಗೆರೆ ಎಳೆದಿದ್ದರು. ಅವರ ತಂದೆಯ ಹೆಸರಿಗೂ ಗೆರೆ. ಮುಂಬೈಯ ಹೋಟೆಲಿಗೂ ಗೆರೆ. ಗಣಪತಿಯನ್ನು ಮಾತ್ರ ಬಿಟ್ಟಿದ್ದರು. ಗಣಪತಿಯ ಕೆಳಗಿನ ಇಕ್ಕಟ್ಟು ಜಾಗದಲ್ಲಿ ಗುಂಡಗೆ ನನ್ನ ಹೆಸರು ಬರೆದು, ಮುಂದೆ ಟಿ.ಸಿ.ಎಚ್. ಎಂದು ಸೇರಿಸಿದ್ದರು.

ನನ್ನ ಎದೆ ತುಂಬಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಕ್ಷಣ ಬಂದದ್ದು ಸಿಟ್ಟೇ. ಇಷ್ಟು ದೊಡ್ಡ ಕುಂದಾಪುರದಲ್ಲಿ ಒಂದು ಬಿಳಿ ಹಾಳೆ ಸಿಗುವುದಿಲ್ಲವೇ? ಹೊಡೆದು ಹಾಕಿದ ಕಾಗದದಲ್ಲಿ ಯಾರಾದರೂ ಅರ್ಜಿ ಕೊಡುತ್ತಾರೆಯೇ?

"ಬಿಳಿ ಹಾಳಿ ತಪ್ಪುಕೆ ಆತಿರ್ಲಿಲ್ಲ್ಯಾ ಮಾವಯ್ಯ?"

"ಇಷ್ಟ್ ಕಾಗ್ದ ಇಪ್ಪತಿಗೆ ಬ್ಯಾರೆ ಎಂತಕೆ?" ಎಂದು ಅವರು ಕಾಲು ತೊಳೆಯಲು ಹೋದರು.

ಅಷ್ಟರಲ್ಲಿ ಹಾಳೆ ಅತ್ತೆಯ ಕಣ್ಣಿಗೆ ಬಿತ್ತು. "ಬದ್ಕಿಪ್ಪು ಗಂಡ್ಸ್ ತನ್ನ್ ಹೆಸ್ರ್ ತಾನೇ ಹೊಡ್ದ್ ಹಾಕೂದಾ! ಹ್ವಾಯ್, ನಿಮ್ಗ್ ಮರ್ಲಾ?" ಎಂದು ಬೊಬ್ಬೆ ಹೊಡೆದು ಅರಶಿನದ ಡಬ್ಬಿಗೆ ಕೈ ಹಾಕಿದರು.

"ಅತ್ತಿ, ನೀವ್ ಅದಕ್ಕ್ ಅರಶಿನ ಮುಟ್ಸಿರೆ ನಾನ್ ಈಗ್ಲೇ ಉಪ್ಪುಂದಕ್ಕ್ ಹೋತೆ" ಎಂದೆ. ಡಬ್ಬಿ ಕೆಳಗಿಟ್ಟರು.

ಮಾವನ ಸಮಾಧಾನಕ್ಕೆ ಆ ಹಾಳೆಯಲ್ಲಿ ಅರ್ಜಿ ಬರೆದೆ. ನನ್ನ ಸಮಾಧಾನಕ್ಕೆ ಒಂದು ಬಿಳಿ ಹಾಳೆ ತಂದು ಅದರಲ್ಲೂ ಬರೆದೆ. ಎರಡನ್ನೂ ಚೀಲದಲ್ಲಿ ಹಾಕಿ, ಅಂಕಪಟ್ಟಿಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿ ಬ್ರಹ್ಮಾವರದ ಬಸ್ ಹತ್ತಿದೆ. ನಾನು ಬೇಡವೆಂದರೂ ಕೇಳದೆ ಮಾವ ಜೊತೆಗೆ ಬಂದರು. ಶಾಲೆಯ ಆಫೀಸಿನ ಹೊರಗೆ ಛತ್ರಿ ಊರಿ ನಿಂತರು. ಒಳಗೆ ಬನ್ನಿ ಎಂದು ನಾನು ಕರೆಯಲಿಲ್ಲ. ಕರೆದರೆ ಸಂಚಾಲಕರಿಗೆ ಇಡ್ಲಿಯ ಕಥೆ ಶುರುವಾಗುತ್ತದೆಂಬ ಭಯ.

ಅದೇ ಸಂಚಾಲಕರು, ಅದೇ ಕನ್ನಡಕ. ಅರ್ಜಿ ಎಂದು ಕೈ ಚಾಚಿದರು. ಬಿಳಿ ಹಾಳೆಯನ್ನು ಅರ್ಧ ಹೊರಗೆ ಎಳೆದಿದ್ದೆ. ಬಾಗಿಲ ಸಂದಿನಲ್ಲಿ ಮಾವನ ಕುತ್ತಿಗೆ ಉದ್ದವಾಗಿ ಇತ್ತ ಚಾಚಿದ್ದು ಕಂಡಿತು. ನನ್ನ ಮೇಲೆಯೇ ನನಗೆ ರೇಗಿತು, ಆದರೂ ಬಿಳಿಯದನ್ನು ಒಳಗೆ ತಳ್ಳಿ ಗೆರೆ ಎಳೆದದ್ದನ್ನೇ ಕೊಟ್ಟೆ. ಕೆಲಸ ಹೋದರೆ ಈ ಸಲವೂ ಇವರಿಂದಲೇ ಹೋಗಲಿ ಎಂದುಕೊಂಡೆ.

ಸಂಚಾಲಕರು ಹಾಳೆಯ ತಲೆಯನ್ನು ಬಹಳ ಹೊತ್ತು ನೋಡಿದರು. ಅದನ್ನು ಬದಿಗಿಟ್ಟು ಅಂಕಪಟ್ಟಿ ತಿರುವಿದರು, ಎರಡು ಪ್ರಶ್ನೆ ಕೇಳಿದರು, ಕರಿಹಲಗೆಯ ಮೇಲೆ ನಾಲ್ಕು ಸಾಲು ಬರೆಸಿದರು. ಜೂನ್‌ನಲ್ಲಿ ಶಾಲೆ ಶುರುವಾಗುವ ದಿನವೇ ಬನ್ನಿ ಎಂದರು. ನಾನು ಕೈ ಮುಗಿದು ಏಳುವಾಗ ಮತ್ತೆ ಆ ಹಾಳೆಯನ್ನು ಎತ್ತಿಕೊಂಡು, ಗೆರೆ ಎಳೆದ ಹೆಸರಿನ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದರು.

"ಇವ್ರ್ ತೀರ್ಕಂಡದ್ದಾ?"

"ಇಲ್ಲ ಸರ್. ಹೊರ್ಗ್ ನಿಂತಿದ್ರ್."

ಅವರು ಗಡಬಡಿಸಿ ಎದ್ದು ಬಾಗಿಲವರೆಗೆ ಹೋದರು. "ಒಳ್ಗ್ ಬನ್ನಿ, ಒಳ್ಗ್ ಬನ್ನಿ. ತಮ್ಮ್ ಪರಿಚಯ ಆಯ್ಲಿಲ್ಲ" ಎಂದರು. ನಾನು ಕಣ್ಣು ಮುಚ್ಚಿಕೊಂಡೆ. ಆಯಿತು, ಇನ್ನು ಹೆಸರು, ತಂದೆಯ ಹೆಸರು, ಹೋಟೆಲು, ಸ್ಟೇಷನ್ನು, ಒಂದೂ ಬಿಡುವುದಿಲ್ಲ. ಸಿಕ್ಕ ಕೆಲಸ ಹೊಸಿಲು ದಾಟುವ ಮೊದಲೇ ಹೋಗುತ್ತದೆ.

ಮಾವ ಚಪ್ಪಲಿ ಕಳಚಿ, ಛತ್ರಿಯನ್ನು ಗೋಡೆಗೆ ಒರಗಿಸಿ ಒಳಗೆ ಬಂದರು. ಸಂಚಾಲಕರಿಗೆ ಕೈ ಮುಗಿದರು.

"ನಾನ್ ಇವ್ಳ್ ಮಾವ" ಎಂದರು. ಅಷ್ಟೇ ಹೇಳಿ ಸುಮ್ಮನೆ ನಿಂತರು.